ಇನ್‌ಬಾಕ್ಸ್ ಒಬ್ಬರ ತಲೆನೋವಲ್ಲ, ಇಡೀ ಟೀಮಿಂದು

ಬೆಂಗ್ಳೂರಲ್ಲಿ ಐಟಿ ಕೆಲ್ಸ ಮಾಡಿ ಆಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಇಲ್ಲೇ ನೆಲೆ ನಿಂತೋನು ನಾನು. ಎರಡೂ ಕಡೆ ಅದೇ ಔಟ್‌ಲುಕ್ಕು, ಹೆಚ್ಚುಕಮ್ಮಿ ಅಷ್ಟೇ ಮೇಲ್‌ಗಳು, ಆದ್ರೆ ಇಲ್ಲಿಯವರು ಒಂದು ಕೆಲ್ಸಕ್ಕೆ ಕೂತ್ರೆ ಎರಡು ಗಂಟೆ ಅದ್ರಲ್ಲೇ ಇರ್ತಾರೆ, ನಮ್ಮವರಿಗೆ ಅದು ಆಗಲ್ಲ. ನಮ್ಮ ಹುಡುಗ್ರಿಗೆ ಶಿಸ್ತಿಲ್ಲ ಅಂತ ಇದಕ್ಕೆ ಕಾರಣ ಕೊಡೋರನ್ನ ಕಂಡ್ರೆ ನಂಗೆ ಬೇಜಾರಾಗುತ್ತೆ.

ನಮ್ಮಲ್ಲಿ ಮೇಲ್ ಕಳ್ಸಿ ಸ್ವಲ್ಪ ಹೊತ್ತಿಗೇ ಚಾಟಲ್ಲಿ "ಮೇಲ್ ಹಾಕಿದೀನಿ, ಒಂದ್ಸಲ ನೋಡಿ" ಅಂತ ಬರುತ್ತೆ, ಅದಕ್ಕೂ ಉತ್ತರ ಬರ್ಲಿಲ್ಲ ಅಂದ್ರೆ ಸೀಟ್ ಹತ್ರನೇ ಬಂದು ನಿಲ್ತಾರೆ, ಸಂಜೆಗೆ ಜೆಂಟಲ್ ರಿಮೈಂಡರ್ರು, ಸಿಸಿಯಲ್ಲಿ ಮ್ಯಾನೇಜರ್ರು. ಹಿಂಗಿರೋ ಕಡೆ ನೋಟಿಫಿಕೇಶನ್ ಆಫ್ ಮಾಡು ಅಂತ ಬುದ್ಧಿ ಹೇಳಿ ಏನು ಪ್ರಯೋಜನ, ತಕ್ಷಣ ಉತ್ತರ ಕೊಟ್ಟೋನೇ ಚುರುಕು ಅಂತ ಲೆಕ್ಕ ಹಾಕೋವಾಗ ಯಾರು ಧೈರ್ಯ ಮಾಡ್ತಾರೆ?

ಇಲ್ಲಿ ನಮ್ಮ ಟೀಮಲ್ಲಿ ಮಾತು ಮೊದ್ಲೇ ಆಗಿದೆ. 'ಟು'ನಲ್ಲಿ ಹೆಸರಿದ್ರೆ ಕೆಲ್ಸ ನಿಂದು, ಸಿಸಿಯಲ್ಲಿದ್ರೆ ಸುಮ್ನೆ ಗೊತ್ತಿರ್ಲಿ ಅಂತ. ಹಂಗಾಗಿ ಸಿಸಿ ಮೇಲ್‌ಗಳೆಲ್ಲ ಒಂದು ರೂಲ್ ಹಾಕಿ ಬೇರೆ ಫೋಲ್ಡರಿಗೆ ಹೋಗುತ್ತೆ, ದಿನದ ಕೊನೇಲಿ ಒಂದ್ಸಲ ಕಣ್ಣಾಡಿಸಿದ್ರೆ ಸಾಕು. ಸಬ್ಜೆಕ್ಟಲ್ಲೇ ಏನು ಬೇಕು, ಯಾವತ್ತಿಗೆ ಬೇಕು ಅಂತ ಬರೀತಾರೆ. ಅರ್ಜೆಂಟ್ ಇದ್ರೆ ಫೋನ್ ಮಾಡ್ತಾರೆ, ಫೋನ್ ಬರ್ಲಿಲ್ಲ ಅಂದ್ರೆ ಅರ್ಜೆಂಟ್ ಏನಿಲ್ಲ ಅಂತ ನಿಶ್ಚಿಂತೆಯಾಗಿ ಕೋಡ್ ಬರೀಬಹುದು. ರಜೆಗೆ ಹೋದ್ರೆ ಆಟೋ ರಿಪ್ಲೈಯಲ್ಲಿ ವಾಪಸ್ ಬರೋ ತಾರೀಖು, ಅಲ್ಲಿವರೆಗೆ ನೋಡ್ಕೊಳ್ಳೋರ ಹೆಸರು ಇರುತ್ತೆ, ಅವರು ನಿಜಕ್ಕೂ ನೋಡ್ಕೊಳ್ತಾರೆ. ಇದೇ ಊರಿನ ಕಾರು ಕಂಪನಿ ಡೈಮ್ಲರ್ 2014ರಲ್ಲಿ ಇನ್ನೂ ಮುಂದೆ ಹೋಗಿತ್ತು, ಉದ್ಯೋಗಿ ಬಯಸಿದ್ರೆ ರಜೇಲಿ ಬಂದ ಮೇಲ್ ತಾನಾಗೇ ಡಿಲೀಟ್ ಆಗಿ, ಕಳ್ಸಿದವರಿಗೆ ಬೇರೆ ಯಾರನ್ನ ಕೇಳ್ಬೇಕು ಅಂತ ಉತ್ತರ ಹೋಗೋ ವ್ಯವಸ್ಥೆ.

ಇಲ್ಲಿಯ ರೀತಿಯಲ್ಲೂ ಕೊರತೆ ಇದೆ. ಒಂದು ಸಣ್ಣ ಅಪ್ರೂವಲ್‌ಗೆ ವಾರ ಕಾಯೋದುಂಟು, ಬೆಂಗ್ಳೂರಲ್ಲಾದ್ರೆ ಯಾರೋ ಪುಣ್ಯಾತ್ಮ ರಾತ್ರಿ ಫೋನ್ ಎತ್ತಿ ಮುಗಿಸಿಕೊಟ್ಟಿರ್ತಿದ್ದ. ಆ ಒಳ್ಳೇತನ ನಂಗೆ ಇವತ್ತಿಗೂ ದೊಡ್ಡದು, ಅದಕ್ಕೇ ಅದನ್ನ ದಿನಾ ಹೀರ್ಕೊಳ್ಳೋದು ಸರಿಯಲ್ಲ ಅಂತೀನಿ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿಯವರ 2015ರ ಅಧ್ಯಯನದಲ್ಲಿ, ದಿನಕ್ಕೆ ಮೂರೇ ಸಲ ಮೇಲ್ ನೋಡಿದ ವಾರದಲ್ಲಿ ಜನರಿಗೆ ಒತ್ತಡ ಕಮ್ಮಿಯಾಗಿತ್ತು. ಮೂರು ಸಲ ಅನ್ನೋದು ನಮ್ಮ ಆಫೀಸುಗಳಲ್ಲಿ ಆಗುತ್ತಾ ಅಂದ್ರೆ, ಯುರೋಪಿನ ಕ್ಲೈಂಟ್ ಇರೋ ಟೀಮುಗಳಿಗೆ ಖಂಡಿತ ಆಗುತ್ತೆ. ಚಳಿಗಾಲದಲ್ಲಿ ಇಲ್ಲಿಗೂ ಭಾರತಕ್ಕೂ ನಾಲ್ಕೂವರೆ ಗಂಟೆ ವ್ಯತ್ಯಾಸ, ನಾವು ಎಂಟಕ್ಕೆ ಆಫೀಸಿಗೆ ಬಂದ್ರೂ ಅಲ್ಲಿ ಹನ್ನೆರಡೂವರೆ. ಅಂದ್ರೆ ಬೆಂಗ್ಳೂರಿನ ಇಡೀ ಬೆಳಗ್ಗೆ ಈ ಕಡೆಯಿಂದ ಹೊಸ ಮೇಲೇ ಇರಲ್ಲ! ತಲೆ ಓಡಿಸಿ ಮಾಡೋ ಕೆಲ್ಸಕ್ಕೆ ಅದಕ್ಕಿಂತ ಒಳ್ಳೆ ಹೊತ್ತಿಲ್ಲ, ಅದನ್ನೇ ಹಿಂದಿನ ರಾತ್ರಿ ಬಂದ ಮೇಲ್‌ಗಳಿಗೆ ಉತ್ತರ ಬರೀತಾ ಕಳೀತಾರೆ.

2018ರಲ್ಲಿ ಸಂಸದೆ ಸುಪ್ರಿಯಾ ಸುಳೆ ಅವರು ಆಫೀಸ್ ಟೈಮ್ ಮುಗಿದ್ಮೇಲೆ ಮೇಲು, ಫೋನಿಗೆ ಉತ್ತರ ಕೊಡದೇ ಇರೋ ಹಕ್ಕಿಗಾಗಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ತಂದ್ರು, ಅದು ಕಾನೂನಾಗ್ಲಿಲ್ಲ. ಕಾನೂನಿಗೆ ಕಾಯೋದು ಬೇಡ, ಕ್ಲೈಂಟ್ ಕಡೆ ಕೂತಿರೋ ನಮ್ಮಂಥ ಕನ್ನಡಿಗರೇ ಶುರು ಮಾಡ್ಬಹುದು. ನಾವು ಇಲ್ಲಿ ಸಂಜೆ ನಾಲ್ಕಕ್ಕೆ ಒತ್ತೋ ಸೆಂಡ್ ಬಟನ್ನು ಅಲ್ಲಿ ರಾತ್ರಿ ಎಂಟೂವರೆಗೆ ಊಟದ ತಟ್ಟೆ ಮುಂದೆ ಸದ್ದು ಮಾಡುತ್ತೆ, ಅದನ್ನ ಮಾರನೇ ದಿನ ಅಲ್ಲಿಯ ಮಧ್ಯಾಹ್ನ ಹನ್ನೆರಡಕ್ಕೆ ಹೋಗೋ ಹಾಗೆ ಶೆಡ್ಯೂಲ್ ಮಾಡಿ, ಅವಸರ ಇದ್ರೆ ಮಾತ್ರ ಫೋನ್ ಮಾಡಿ.