ಜಜ್ಜಿಹೋದ ಕಾರಿಗೆ ಬೆಲೆ ಕಟ್ಟುವವರು ಯಾರು?

ಅಪಘಾತದಲ್ಲಿ ಕಾರು ರಿಪೇರಿಗೆ ಬಾರದಷ್ಟು ಜಜ್ಜಿಹೋದರೆ ನಮ್ಮ ಕಡೆಯೂ, ನಾನಿರುವ ಕ್ಯಾಲಿಫೋರ್ನಿಯಾದಲ್ಲೂ ಒಂದೇ ಮಾತು: ಟೋಟಲ್ ಲಾಸ್. ಆಮೇಲೆ ನಡೆಯುವ ಜಗಳ ಮಾತ್ರ ಪೂರ್ತಿ ಬೇರೆ. ಅಲ್ಲಿ ಕಾರಿನ ಬೆಲೆ ಪಾಲಿಸಿ ಮಾಡಿಸಿದ ದಿನವೇ ಬರೆದಿಟ್ಟಿರುತ್ತಾರೆ. ಇಲ್ಲಿ ಕಾರು ಹಾಳಾದ ಮೇಲೆ ಕೂತು ಬೆಲೆ ಕಟ್ಟುತ್ತಾರೆ. ಇದು ಗೊತ್ತಿಲ್ಲದೆ ಇಲ್ಲಿರುವ ನಮ್ಮವರು ಎಷ್ಟೋ ಜನ ಕಂಪನಿ ಹೇಳಿದ ಮೊದಲ ಮೊತ್ತಕ್ಕೇ ಸಹಿ ಹಾಕಿಬಿಡುತ್ತಾರೆ. ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು ನಮ್ಮ ಕಡೆಯ ಪದ್ಧತಿ. ಅಲ್ಲಿ ಎಲ್ಲಕ್ಕೂ ಆಧಾರ ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದಿಟ್ಟ ಕಾರಿನ ಬೆಲೆ. ಕಾರಿನ ಈಗಿನ ಪಟ್ಟಿ ಬೆಲೆಯಲ್ಲಿ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಒಂದರಿಂದ ಎರಡು ವರ್ಷದ ಕಾರಿಗೆ ಶೇ 20, ಎರಡರಿಂದ ಮೂರಕ್ಕೆ ಶೇ 30, ನಾಲ್ಕರಿಂದ ಐದಕ್ಕೆ ಶೇ 50. ಐದು ದಾಟಿದರೆ ಕಂಪನಿ ಮತ್ತು ಮಾಲೀಕರು ಒಪ್ಪಿಕೊಂಡ ಮೊತ್ತ. ಪಟ್ಟಿ ಬೆಲೆ 10 ಲಕ್ಷ, ಕಾರಿಗೆ ಎರಡೂವರೆ ವರ್ಷ ಅಂದರೆ ಐಡಿವಿ 7 ಲಕ್ಷ. ರಿಪೇರಿ ಖರ್ಚು ಐಡಿವಿಯ ಶೇ 75ನ್ನು, ಅಂದರೆ 5.25 ಲಕ್ಷವನ್ನು ದಾಟಿದರೆ ಟೋಟಲ್ ಲಾಸ್. ಆ ವರ್ಷ ಪೂರ್ತಿ ಐಡಿವಿಯೇ ಮಾರುಕಟ್ಟೆ ಬೆಲೆ, ನಡುವೆ ಮತ್ತೆ ಸವಕಳಿ ಕಳೆಯುವಂತಿಲ್ಲ.

ಹಾಗಾಗಿ ಅಲ್ಲಿನ ಜಗಳ ಬೆಲೆಯ ಮೇಲಲ್ಲ, ಆ 75ರ ಗೆರೆಯ ಮೇಲೆ. ಗ್ಯಾರೇಜಿನವರು ಎಸ್ಟಿಮೇಟ್ ಕೊಡುತ್ತಾರೆ, ಹಾನಿಯ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುತ್ತಾರೆ. 'ಈ ಭಾಗ ಬದಲಾಯಿಸುವುದು ಬೇಡ, ರಿಪೇರಿ ಮಾಡಿ', 'ಇದು ಅಪಘಾತದಿಂದ ಆದದ್ದಲ್ಲ' ಎಂದು ಒಂದೊಂದೇ ಸಾಲು ಹೊಡೆದುಹಾಕಿದರೆ ಮೊತ್ತ ಗೆರೆಯ ಕೆಳಗೆ ಇಳಿಯುತ್ತದೆ. ಮಾಲೀಕರಿಗೆ ಚಾಸಿಸ್ ಬಾಗಿದ ಕಾರನ್ನೇ ತಟ್ಟಿ ಮುಟ್ಟಿ ವಾಪಸ್ ಕೊಡುತ್ತಾರೆ. ಸರ್ವೇ ರಿಪೋರ್ಟಿನ ಪ್ರತಿ ಕೇಳಿ ಪಡೆಯುವ ಹಕ್ಕು ನಮಗಿದೆ. ಆದರೆ ಕೇಳುವವರೇ ಕಡಿಮೆ. ಇನ್ನು ರಿನ್ಯೂವಲ್ ಸಮಯದಲ್ಲಿ ಪ್ರೀಮಿಯಂ ಒಂದೆರಡು ಸಾವಿರ ಇಳಿಯಲಿ ಎಂದು ಐಡಿವಿಯನ್ನೇ ತಗ್ಗಿಸಿಕೊಂಡರೆ, ಆಮೇಲೆ ಯಾರ ಹತ್ತಿರ ಜಗಳ ಮಾಡುವುದು?

ಕ್ಯಾಲಿಫೋರ್ನಿಯಾದ ಸಾಮಾನ್ಯ ಪಾಲಿಸಿಗಳಲ್ಲಿ ಮೊದಲೇ ಬರೆದಿಟ್ಟ ಮೊತ್ತ ಅಂತ ಏನೂ ಇರುವುದಿಲ್ಲ. ಅಪಘಾತಕ್ಕೆ ಒಂದು ನಿಮಿಷ ಮುಂಚೆ ಆ ಕಾರು ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿತ್ತೋ ಅಷ್ಟು ಕೊಡಬೇಕು, ಅಷ್ಟೇ ನಿಯಮ. ಆ ಬೆಲೆಯನ್ನು ಕಂಪನಿ ಹೊರಗಿನ ಸಾಫ್ಟ್‌ವೇರ್‌ನಿಂದ ತೆಗೆಸುತ್ತದೆ. ಅದೇ ತರಹದ ಮೂರ್ನಾಲ್ಕು ಕಾರುಗಳನ್ನು ಹುಡುಕಿ, ಓಡಿದ ಮೈಲಿ, ಫೀಚರ್ಸ್, ಕಂಡೀಶನ್ ಅಂತ ಕೂಡಿ ಕಳೆದು ಒಂದು ಮೊತ್ತ ಬರುತ್ತದೆ. ಎಷ್ಟೋ ಸಲ ಅಡ್ಜಸ್ಟರ್, ಅಂದರೆ ಕ್ಲೇಮ್ ನೋಡಿಕೊಳ್ಳುವ ಕಂಪನಿಯ ಪ್ರತಿನಿಧಿ, ಫೋನ್ ಮಾಡಿ ಆ ಮೊತ್ತ ಮಾತ್ರ ಹೇಳುತ್ತಾರೆ. ಆಗ ರಿಪೋರ್ಟ್ ನಾವೇ ಕೇಳಿ ತರಿಸಿಕೊಳ್ಳಬೇಕು.

ನನ್ನ ಟೊಯೊಟಾ ಕ್ಯಾಮ್ರಿ ಕಾರು ಟೋಟಲ್ ಆದಾಗ ಬಂದ ರಿಪೋರ್ಟನ್ನು ಸಾಲು ಸಾಲಾಗಿ ಓದಿದೆ. ನನ್ನದು ಎಕ್ಸ್‌ಎಲ್‌ಇ. ರಿಪೋರ್ಟಿನಲ್ಲಿ ಅದನ್ನು ಕಡಿಮೆ ಫೀಚರಿನ ಕೆಳಗಿನ ಮಾದರಿಯಾದ ಎಲ್‌ಇ ಎಂದು ಬರೆದಿದ್ದರು. ಲೆದರ್ ಸೀಟು ಹೋಯಿತು, ದೊಡ್ಡ ಚಕ್ರವೂ ಹೋಯಿತು. ಹೋಲಿಕೆಗೆ ತೆಗೆದುಕೊಂಡ ಒಂದು ಕಾರು ಬೇರೆಯದೇ ಊರಿನದು, ಗಂಟೆಗಟ್ಟಲೆ ಡ್ರೈವ್ ಮಾಡಿದರೆ ಸಿಗುವಷ್ಟು ದೂರ. ಪ್ರತಿ ಕಾರಿನ ಬೆಲೆಯಲ್ಲೂ 'ಕಂಡೀಶನ್ ಅಡ್ಜಸ್ಟ್‌ಮೆಂಟ್' ಅಂತ ಒಂದೇ ಮೊತ್ತ ಕಳೆದಿದ್ದರು. ಯಾಕೆ ಕಳೆದರು ಅಂತ ಒಂದು ಸಾಲೂ ಇಲ್ಲ.

ನಾನು ಫೋನಿನಲ್ಲಿ ವಾದ ಮಾಡಲಿಲ್ಲ. ಕಾರು ಕೊಂಡ ದಿನದ ವಿಂಡೋ ಸ್ಟಿಕ್ಕರ್, ಹೊಸ ಟೈರಿನ ರಸೀದಿ, ಸರ್ವಿಸ್ ದಾಖಲೆ, ಹತ್ತಿರದ ಡೀಲರ್‌ಗಳ ಬಳಿ ಮಾರಾಟಕ್ಕಿದ್ದ ಅದೇ ವರ್ಷದ ಎಕ್ಸ್‌ಎಲ್‌ಇಗಳ ವಿನ್ ನಂಬರ್ (ಕಾರಿನ ಗುರುತಿನ ಸಂಖ್ಯೆ) ಮತ್ತು ಬೆಲೆ, ಎಲ್ಲವನ್ನೂ ಈಮೇಲಿನಲ್ಲಿ ಕಳಿಸಿದೆ. ಜೊತೆಗೆ ಒಂದು ನಿಯಮದ ಹೆಸರು ಬರೆದೆ: ಕ್ಯಾಲಿಫೋರ್ನಿಯಾ ವಿಮಾ ನಿಯಮ 2695.8. ನಮ್ಮದೇ ಪಾಲಿಸಿಯ ಕ್ಲೇಮ್ ಆದರೆ ಹೋಲಿಕೆಯ ಕಾರುಗಳು ಸ್ಥಳೀಯ ಮಾರುಕಟ್ಟೆಯವೇ ಆಗಿರಬೇಕು, ಕಳೆದ 90 ದಿನಗಳಲ್ಲಿ ಸಿಗುತ್ತಿದ್ದವಾಗಿರಬೇಕು ಎಂದು ಅದು ಹೇಳುತ್ತದೆ. ಕಳೆಯುವ ಪ್ರತಿ ಡಾಲರಿಗೂ ಕಾರಣ ಮತ್ತು ಲೆಕ್ಕ ಇರಬೇಕು. ಸೇಲ್ಸ್ ಟ್ಯಾಕ್ಸ್ ಸೇರಿಸಿಯೇ ಕೊಡಬೇಕು. ಹೊಸ ರಿಪೋರ್ಟ್ ಬಂತು, ಮೊತ್ತ ಏರಿತು. ಯಾರೂ ದನಿ ಏರಿಸಬೇಕಾಗಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ ಬಹಳ ಜನಕ್ಕೆ ಕಂಪ್ಯೂಟರ್ ಪ್ರಿಂಟ್ ಹಾಕಿದ ಅಂಕಿ ಅಂದರೆ ಸರ್ಕಾರಿ ಆದೇಶ ಇದ್ದ ಹಾಗೆ, ಪ್ರಶ್ನಿಸಬಾರದು ಅನ್ನುವ ಭಾವನೆ. ಇಲ್ಲಿ ಅದು ಕಂಪನಿಯ ಮೊದಲ ಮಾತು, ಅಷ್ಟೇ. ಎರಡನೇ ಮಾತು ನಮ್ಮದು.

ಒತ್ತಡ ಬರುವುದು ಬೇರೆ ಕಡೆಯಿಂದ. ಆಫರ್ ಕೊಟ್ಟ ಕೆಲವೇ ದಿನಕ್ಕೆ ಬಾಡಿಗೆ ಕಾರು ನಿಲ್ಲಿಸುತ್ತಾರೆ. ಟೋ ಯಾರ್ಡಿನಲ್ಲಿ ನಿಂತ ಕಾರಿಗೆ ದಿನದ ಲೆಕ್ಕದಲ್ಲಿ ಬಾಡಿಗೆ ಬೀಳುತ್ತದೆ. ಮಕ್ಕಳನ್ನು ಶಾಲೆಗೆ ಬಿಡಬೇಕು, ಕೆಲಸಕ್ಕೆ ಹೋಗಬೇಕು. ಸಾಕಪ್ಪ ಅಂತ ಜನ ಒಪ್ಪಿಕೊಳ್ಳುವುದು ಇದಕ್ಕೇ. ಕಾರನ್ನು ಕಂಪನಿಯ ಯಾರ್ಡಿಗೆ ಸಾಗಿಸಲು ಬಿಡಿ, ಟೋ ಯಾರ್ಡಿನ ಬಾಡಿಗೆ ನಿಲ್ಲುತ್ತದೆ. ಸಾಗಿಸಲು ಬಿಟ್ಟ ಮಾತ್ರಕ್ಕೆ ಬೆಲೆ ಒಪ್ಪಿದ ಹಾಗಲ್ಲ. ಆದರೆ ಕಾರಿನ ಮಾಲೀಕತ್ವದ ಪತ್ರವಾದ ಪಿಂಕ್ ಸ್ಲಿಪ್‌ಗೆ ಮಾತ್ರ ಬೆಲೆ ಕುದುರುವವರೆಗೆ ಸಹಿ ಹಾಕಬೇಡಿ. ಚೆಕ್ ಬಂದ ಮೇಲೂ 35 ದಿನ ಇದೆ. ಆ ದುಡ್ಡಿಗೆ ಅಂಥದ್ದೇ ಕಾರು ಸಿಗುತ್ತಿಲ್ಲ ಎಂದು ಅಷ್ಟರೊಳಗೆ ತಿಳಿಸಿದರೆ ಕಂಪನಿ ಫೈಲನ್ನು ಮತ್ತೆ ತೆರೆಯಲೇಬೇಕು. ನಾನು ಕೇಳಿದವರಲ್ಲಿ ಇದು ಗೊತ್ತಿದ್ದವರು ತೀರಾ ಕಡಿಮೆ.

ತಪ್ಪು ಎದುರಿನವರದ್ದಾದರೆ? ನಮ್ಮ ಕಡೆ ಅವರ ಕಂಪನಿಯಿಂದ ವಸೂಲಿ ಮಾಡಲು ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬೇಕು. ಅದಕ್ಕೇ ಬಹುತೇಕ ಎಲ್ಲರೂ ತಮ್ಮದೇ ಓಡಿ (ಸ್ವಂತ ಕಾರಿನ ಹಾನಿಯ) ಪಾಲಿಸಿಯಲ್ಲಿ ಕ್ಲೇಮ್ ಮಾಡುತ್ತಾರೆ. ಇಲ್ಲಿ ನೇರವಾಗಿ ಅವರ ಕಂಪನಿಗೇ ಹೋಗಬಹುದು. ಕೇಳಲು ಚೆನ್ನಾಗಿದೆ. ಆದರೆ ಆಸ್ತಿ ಹಾನಿಗೆ ಕ್ಯಾಲಿಫೋರ್ನಿಯಾದ ಕನಿಷ್ಠ ವಿಮೆ 2024ರ ಕೊನೆಯವರೆಗೂ ಬರೀ 5,000 ಡಾಲರ್ ಇತ್ತು, 2025ರಿಂದ 15,000. ಇವತ್ತಿನ ಒಂದು ಸಾಧಾರಣ ಕಾರಿಗೂ ಅದು ಸಾಲದು. ನಿಮ್ಮ ಪಾಲಿಸಿಯಲ್ಲಿ ಕೊಲಿಶನ್, ಅಂದರೆ ಡಿಕ್ಕಿಯಲ್ಲಿ ನಿಮ್ಮದೇ ಕಾರಿಗಾದ ಹಾನಿಯ ವಿಮೆ, ಇಲ್ಲದಿದ್ದರೆ ಉಳಿದದ್ದನ್ನು ಆ ಡ್ರೈವರ್‌ನಿಂದಲೇ ವಸೂಲಿ ಮಾಡಬೇಕು. ಅದಕ್ಕೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. 12,500 ಡಾಲರ್‌ವರೆಗೆ ಅಲ್ಲಿ ನಾವೇ ಹೋಗಿ ಕೇಳಬಹುದು. ನಮ್ಮ ಪರವಾಗಲಿ ಅವರ ಪರವಾಗಲಿ ಲಾಯರ್ ನಿಂತು ವಾದ ಮಾಡುವಂತಿಲ್ಲ.

ಮಾತು ಮುಗಿಯದಿದ್ದರೆ ದೂರು. ಇಲ್ಲಿನ ವಿಮಾ ಕಮಿಷನರ್ ಜನರ ಓಟಿನಿಂದ ಗೆದ್ದು ಬರುವವರು. ಜನರೇ ಮತ ಹಾಕಿ ತಂದ 1988ರ ಪ್ರಾಪೊಸಿಷನ್ 103 ಎಂಬ ಕಾನೂನಿನಿಂದ ಹಾಗಾಯಿತು. ಅವರ ಇಲಾಖೆಗೆ ಆನ್‌ಲೈನಿನಲ್ಲಿ ದೂರು ಕೊಟ್ಟು, ಇಲಾಖೆ ಕಂಪನಿಯನ್ನು ವಿಚಾರಿಸಿದರೆ ಕಂಪನಿ 21 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ಕಡೆ ವಿಮೆಯ ದೂರು ಕೇಳಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ಬೆಂಗಳೂರಿನಲ್ಲೇ ಕಚೇರಿ ಇದೆ. ಮೊದಲು ಕಂಪನಿಗೆ ಬರೆದು, ಉತ್ತರ ಬಾರದಿದ್ದರೆ ಒಂದು ತಿಂಗಳು ಕಾಯಬೇಕು. ಆಮೇಲೆ ಅವರ ಬಳಿ ಹೋದರೆ ಫೀಸಿಲ್ಲ, ಲಾಯರ್ ಬೇಕಿಲ್ಲ. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಮ್ಮನ್ನಲ್ಲ. ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಇಷ್ಟು ಒಳ್ಳೆಯ ವ್ಯವಸ್ಥೆ ಇಟ್ಟುಕೊಂಡು, 'ಯಾರಾದರೂ ಪರಿಚಯದವರು ಇದ್ದಾರಾ' ಎಂದು ಹುಡುಕುತ್ತಾ ಕೂರುತ್ತೇವಲ್ಲ, ಅದು ನನಗೆ ತುಂಬಾ ನೋವಿನ ಸಂಗತಿ.

ಯಾವುದು ವಾಸಿ ಅಂತ ಕೇಳಿದರೆ, ಸಾಮಾನ್ಯ ಜನಕ್ಕೆ ಐಡಿವಿಯೇ ವಾಸಿ ಅನ್ನುತ್ತೇನೆ. ಕಾರು ಹೋದ ಸಂಕಟದ ನಡುವೆ ಬೆಲೆಯ ಲೆಕ್ಕ ಹಾಕಿ ವಾದ ಮಾಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಇಲ್ಲಿನವರ ಹತ್ತಿರ ನಾವು ಕಲಿಯಬೇಕಾದದ್ದು ಕಳೆದ ಪ್ರತಿ ಸಾಲಿಗೂ ಕಾರಣ ಬರೆಯುವ ನಿಯಮ. ನಮ್ಮ ಸರ್ವೇಯರ್‌ಗಳೂ ಕೇಳದೆಯೇ ಹಾಗೆ ಬರೆದುಕೊಡುವಂತಾದರೆ 75ರ ಗೆರೆಯ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ದುಡ್ಡು ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ಇಲ್ಲಿ ಕಾರು ಕೈ ಬಿಟ್ಟ ಐದು ದಿನದೊಳಗೆ ಇಲ್ಲಿನ ವಾಹನ ನೋಂದಣಿ ಇಲಾಖೆಯಾದ ಡಿಎಂವಿಗೆ 'ಇನ್ನು ಇದು ನನ್ನದಲ್ಲ' ಎಂದು ತಿಳಿಸಬೇಕು. ನಮ್ಮ ಕಡೆ ಗುಜರಿಗೆ ಹೋದ ಕಾರಿನ ಆರ್‌ಸಿ ಹಾಗೇ ಉಳಿದರೆ ಅದೇ ನಂಬರ್ ಕದ್ದ ಕಾರಿನ ಮೇಲೆ ಓಡಾಡಬಹುದು. ಪೊಲೀಸರು ಬರುವುದು ಮಾಲೀಕರ ಮನೆಗೆ. ಆರ್‌ಟಿಒ ಆರ್‌ಸಿ ರದ್ದು ಮಾಡಿದ ಕಾಗದ ಕೈಗೆ ಸಿಗುವವರೆಗೂ ಫೈಲು ಮುಚ್ಚಬೇಡಿ.