ಈ ಕಾಡು ಯಾವುದಕ್ಕೆ ಅಂತ ಊರಿಗೆ ಹೇಳೋರು ಯಾರು?

ಜರ್ಮನಿಯ ಫ್ರೈಬುರ್ಗ್ ಕಡೆ ನಾನಿರುವ ಹಳ್ಳಿಯ ಹಿಂದೆ ಕಾಡಿದೆ. ಅದು ಊರಿಗೇ ಸೇರಿದ್ದು. ಹತ್ತು ವರ್ಷಕ್ಕೊಮ್ಮೆ ಫಾರೆಸ್ಟರು ಊರ ಪಂಚಾಯಿತಿ ಮುಂದೆ ನಿಂತು ಲೆಕ್ಕ ಒಪ್ಪಿಸುತ್ತಾರೆ: ಮರ ವರ್ಷಕ್ಕೆ ಎಷ್ಟು ಘನಮೀಟರ್ ಬೆಳೆಯುತ್ತಿದೆ, ಎಷ್ಟು ಕಡಿಯಬಹುದು, ಮಣ್ಣು ಕುಸಿಯದಿರಲಿ ಅಂತ ಯಾವ ಇಳಿಜಾರನ್ನು ಮುಟ್ಟಬಾರದು, ಮರಕುಟಿಗಕ್ಕೆಂದು ಎಲ್ಲೆಲ್ಲಿ ಒಣಮರ ಬಿಡಬೇಕು. ಸದಸ್ಯರು ಜಗಳವಾಡಿ, ಆಮೇಲೆ ಒಪ್ಪಿಗೆ ಕೊಡುತ್ತಾರೆ. ಹುಣಸೂರಿನ ನಮ್ಮ ಕಡೆ ಕಾಡಂಚಿನ ಪಂಚಾಯಿತಿಗಳಲ್ಲಿ ಮಾತು ಬರುವುದು ಆನೆ ಕಂದಕ, ಸೋಲಾರ್ ಬೇಲಿ, ಬೆಳೆ ಪರಿಹಾರದ ಬಗ್ಗೆ. ಕಾಡು ಹೇಗೆ ಬೆಳೆಯುತ್ತಿದೆ ಅನ್ನುವುದು ಇಲಾಖೆಯ ಕಡತದ ವಿಷಯ.

ವಿಚಿತ್ರ ಅಂದರೆ ಆ ಕಡತದ ಮೂಲವೂ ಜರ್ಮನಿಯದೇ. ಬೆಳೆದಷ್ಟೇ ಕಡಿಯಬೇಕು ಅನ್ನುವ ಲೆಕ್ಕಾಚಾರವನ್ನು 1713ರಲ್ಲಿ ಪುಸ್ತಕವಾಗಿಸಿದ ಕಾರ್ಲೊವಿಟ್ಸ್, ಸ್ಯಾಕ್ಸನಿಯ ಗಣಿಗಳಿಗೆ ಸೌದೆ ಒದಗಿಸುವ ಚಿಂತೆಯಲ್ಲಿದ್ದ ಅಧಿಕಾರಿ. 1864ರಲ್ಲಿ ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥನಾದ ಬ್ರಾಂಡಿಸ್ ಕೂಡ ಜರ್ಮನ್. ನಮ್ಮ ಅರಣ್ಯ ವಿಭಾಗಗಳ ಕಾರ್ಯ ಯೋಜನೆಗಳು, ಅಂದರೆ ಎಲ್ಲಿ ಏನು ಬೆಳೆಸಬೇಕು, ಎಷ್ಟು ಕಡಿಯಬೇಕು ಅನ್ನುವ ಕಡತಗಳು, ಆ ಪರಂಪರೆಯವು. ಅವಧಿ ಅವೇ ಹತ್ತು ವರ್ಷ. ಇಲ್ಲಿ ಮರದ ವ್ಯಾಸವನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ, ನಮ್ಮ ಗಾರ್ಡ್ 1.37 ಮೀಟರಿನಲ್ಲಿ ಟೇಪು ಸುತ್ತುತ್ತಾನೆ. ಅಳತೆ ನಮಗೂ ಬಂತು, ಅದನ್ನು ಊರಿಗೆ ಓದಿ ಹೇಳುವ ಪದ್ಧತಿ ಬರಲಿಲ್ಲ. ರಾಜರ ಕಾಲದ, ಬ್ರಿಟಿಷರ ಕಾಲದ ಇಲಾಖೆಗೆ ಅದರ ಅಗತ್ಯವೇ ಇರಲಿಲ್ಲ ಬಿಡಿ.

ಇದರಿಂದಾಗುವ ತೊಂದರೆ ನೋಡಬೇಕೆಂದರೆ ನಾಗರಹೊಳೆಯ ತೇಗದ ನೆಡುತೋಪಿಗೆ ಹೋಗಬೇಕು. ದಿಮ್ಮಿಗೆಂದು ಹಿಂದೆ ನೆಟ್ಟವು ಅವು. ತೇಗವನ್ನು ಎರಡು ಮೀಟರಿಗೊಂದರಂತೆ ನೆಟ್ಟರೆ ಹೆಕ್ಟೇರಿಗೆ 2,500 ಸಸಿ ಹಿಡಿಯುತ್ತದೆ. ಬೆಳೆದಂತೆಲ್ಲ ಸೊರಗಿದ್ದನ್ನು, ಸೊಟ್ಟಗಾದದ್ದನ್ನು ತೆಗೆಯುತ್ತ ಬಂದು ಕೊನೆಗೆ ಹತ್ತಕ್ಕೊಂದಕ್ಕಿಂತ ಹೆಚ್ಚು ಉಳಿಸಿದರೆ ತೇಗ ದಪ್ಪಗಾಗುವುದಿಲ್ಲ. ಆದರೆ 1972ರ ವನ್ಯಜೀವಿ ಕಾಯ್ದೆ ಬಂತು. 1972ರ ವನ್ಯಜೀವಿ ಕಾಯ್ದೆ ಬಂತು. 2000ದಲ್ಲಿ ಸುಪ್ರೀಂ ಕೋರ್ಟ್, ಅಭಯಾರಣ್ಯದೊಳಗೆ ಬಿದ್ದ ಮರ, ಸತ್ತ ಮರವನ್ನೂ ತೆಗೆಯಬಾರದು ಅಂದಿತು. ಸಹಜ ಕಾಡಿಗೆ ಇದು ಸರಿಯಾದ ಮಾತು, ನಾನು ಅದರ ಪರ. ಸಾಲು ಹಿಡಿದು ನೆಟ್ಟ ತೇಗಕ್ಕೆ? ಅದೀಗ ದಿಮ್ಮಿಯೂ ಅಲ್ಲ, ಪೂರ್ತಿ ಕಾಡೂ ಅಲ್ಲ. ಬೇಸಿಗೆಯಲ್ಲಿ ಮೊರದಗಲದ ಎಲೆ ಉದುರಿ, ಒಣಗಿ, ಬೆಂಕಿಗೆ ಕಾಯುತ್ತಿರುತ್ತದೆ. ಬಿಸಿಲು ಬೀಳುವಲ್ಲಿ ಲಂಟಾನದ ಕಳೆ ಪೊದೆ. ಜಿಂಕೆಗೆ ಹುಲ್ಲು ಬೇಕಿದ್ದರೆ ಅಲ್ಲಿ ತೇಗ ವಿರಳವಾಗಬೇಕು. ಬೇಡ ಅನ್ನುವುದಾದರೆ ಅದನ್ನಾದರೂ ಯಾರಾದರೂ ಕಾರಣ ಸಮೇತ ಹೇಳಬೇಕು.

ಇಲ್ಲಿ ಜರ್ಮನಿಯಲ್ಲಿ ಮರದ ಮೇಲಿನ ಬಣ್ಣ ನೋಡಿದರೇ ಉದ್ದೇಶ ತಿಳಿಯುತ್ತದೆ. ಬೆಳೆಸಬೇಕಾದ ಮರಕ್ಕೊಂದು ಗುರುತು, ಅದರ ನೆತ್ತಿಗೆ ಅಡ್ಡ ಬರುವ ಪಕ್ಕದ ಮರಕ್ಕೆ ಕಡಿಯುವ ಗುರುತು. ಕಡಿದದ್ದನ್ನು ದಾರಿ ಬದಿ ಪೇರಿಸಿ ನಂಬರ್ ಬರೆದಿರುತ್ತಾರೆ. ಚೈನ್‌ಸಾ ತರಬೇತಿಯ ಸರ್ಟಿಫಿಕೇಟ್ ಇದ್ದರೆ ಸೌದೆ ಪಾಲನ್ನು ನಾವೇ ಕೊಂಡು ತುಂಡು ಮಾಡಿ ತರಬಹುದು. ಇದೇ ಮಾತು ಮನೆಗೆ ಫೋನ್ ಮಾಡಿದಾಗ ಹೇಳಿದರೆ ಯಾರೂ ನಂಬಲಿಲ್ಲ.

ಹಾಗಂತ ಇವರೇನು ಗುರುಗಳಲ್ಲ. ಬೇಗ ಬೆಳೆಯುತ್ತದೆ, ನೆಟ್ಟಗೆ ಬರುತ್ತದೆ ಅಂತ ಸ್ಪ್ರೂಸ್ ಅನ್ನುವ ಮರವೊಂದನ್ನೇ ಬೆಟ್ಟದುದ್ದಕ್ಕೂ ನೆಟ್ಟರು. 2018ರಿಂದ ಶುರುವಾದ ಬರಗಾಲದಲ್ಲಿ ತೊಗಟೆ ಕೊರೆಯುವ ಹುಳ ಹತ್ತಿ ಹಾರ್ಟ್ಸ್ ಬೆಟ್ಟಗಳು ಕಂದಾಗಿ ನಿಂತವು. ಈಗ ಬೀಚ್, ಫರ್, ಓಕ್ ಬೆರೆಸಲು ಪರದಾಡುತ್ತಿದ್ದಾರೆ. ನಾವು ನೀಲಗಿರಿ ನೆಟ್ಟದ್ದು ಇದೇ ಬುದ್ಧಿಯಿಂದ. ‘ಮೈಸೂರ್ ಗಮ್’ ಅಂತ ನಮ್ಮ ಹೆಸರಿಟ್ಟುಕೊಂಡೇ ಅದು ದೇಶವೆಲ್ಲ ಸುತ್ತಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು.

ಗಂಧದ ಕತೆ ಇನ್ನೂ ಮಜವಾಗಿದೆ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷ ಮಾಡಿದ ಮೇಲೆ, ನಮ್ಮ ಹೊಲದಲ್ಲೇ ಹುಟ್ಟಿದರೂ ಅದು ನಮ್ಮದಾಗಿರಲಿಲ್ಲ. ರೈತರಿಗೆ ಒಡೆತನ ಸಿಕ್ಕಿದ್ದು 2001ರ ತಿದ್ದುಪಡಿಯಿಂದ. ನಾಗಮಂಗಲದ ನಮ್ಮ ಚಿಕ್ಕಪ್ಪ ಹೆಬ್ಬೇವಿನ ನಡುವೆ ಗಂಧ ನೆಟ್ಟಿದ್ದಾರೆ. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ನೀರು, ಸಾರ ಹೀರುತ್ತದೆ, ಒಂಟಿಯಾಗಿ ನೆಟ್ಟರೆ ಏಳುವುದಿಲ್ಲ. ಅದಕ್ಕೇ ಸಸಿ ಬುಡಕ್ಕೆ ತೊಗರಿಯನ್ನೂ ಹಾಕಿದ್ದರು. ‘ಗಿಡ ಬೆಳ್ಸಾದು ಕಷ್ಟ ಅಲ್ಲ ಕಣ್ ಮಗಾ, ಕಾಯಾದು ಕಷ್ಟ,’ ಅಂದರು. ತಿರುಳು ಬಲಿಯಲು ಇಪ್ಪತ್ತು ವರ್ಷದ ಮೇಲಾಗುತ್ತದೆ, ಅಷ್ಟೂ ಕಾಲ ರಾತ್ರಿ ನಿದ್ದೆ ಇಲ್ಲ. ಕಡಿಯುವಾಗ ಇಲಾಖೆಯ ಅನುಮತಿ ಬೇರೆ.

ಕಾಡು ಓದುವ ವಿದ್ಯೆ ಅರಣ್ಯಾಧಿಕಾರಿಗಳನ್ನು ತಯಾರು ಮಾಡುವ ಡೆಹ್ರಾಡೂನಿನಲ್ಲಿ ಮಾತ್ರ ಇದೆ ಅಂತ ನಾನು ಒಪ್ಪುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ವರ್ಷದ ಮೊದಲಲ್ಲೇ ತರಗು ಬೆಂಕಿ ಇಡುತ್ತಿದ್ದರು, ಲಂಟಾನ ಹತೋಟಿಯಲ್ಲಿತ್ತು ಅನ್ನುತ್ತಾರೆ. 2011ರಲ್ಲಿ ಅವರಿಗೆ ಕಾಡಿನ ಮೇಲಿನ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಣಸೂರು, ಎಚ್.ಡಿ. ಕೋಟೆ ಕಡೆಯ ಜೇನುಕುರುಬರ ತಿಳಿವಳಿಕೆ ಯಾವ ಕಾರ್ಯ ಯೋಜನೆಯ ಯಾವ ಪುಟದಲ್ಲಿದೆ? ಮುಂದಿನ ಯೋಜನೆ ಬರೆಯುವ ಮೊದಲು ಈಗಿನದನ್ನು ಕನ್ನಡಕ್ಕೆ ತಂದು, ಕಾಡಂಚಿನ ಗ್ರಾಮಸಭೆಗಳಲ್ಲಿ ನಕ್ಷೆ ಹಾಸಿ ಓದಲಿ. ಈ ತುಂಡು ಆನೆಗೆ, ಈ ತುಂಡು ಸೌದೆಗೆ, ಇದು ಕೆರೆಗೆ ನೀರು ಇಳಿಯಲು ಅಂತ ಬೆರಳಿಟ್ಟು ತೋರಿಸಲಿ. ಜಗಳ ಆಗುತ್ತದೆ, ಆಗಲಿ. ಇಲ್ಲಿಯೂ ಆಗುತ್ತದೆ.