ಕಟ್ಟಿ ಮೇಯಿಸೋ ಟಗರನ್ನೂ ದಿನಾ ನಡೆಸೋಣ

ನಾನು ಮಳವಳ್ಳಿ ಕಡೆಯವನು. ಟೆಕ್ಸಾಸ್‌ನ ಒಂದು ಸಣ್ಣ ಊರಿಗೆ ಬಂದು 12 ವರ್ಷ ಆಯಿತು. ಪಕ್ಕದ ಮನೆಯ ಹುಡುಗಿಗೆ ಈಗ 11 ವರ್ಷ. ಸ್ಕೂಲಿಗೆ ಹೊರಡೋ ಮುಂಚೆ, ಇನ್ನೂ ತಂಪಿರುವಾಗಲೇ, ತನ್ನ ಕುರಿಮರಿಯನ್ನು ಹಗ್ಗ ಹಿಡಿದು ಹೊರಗೆ ತರುತ್ತಾಳೆ. ಮೊದಲು ಸುಮ್ನೆ ಒಂದು ಸುತ್ತು ನಡಿಗೆ. ಆಮೇಲೆ ಎದುರು ನಿಂತು, ಅದರ ಎದೆಗೆ ಮಂಡಿ ಕೊಟ್ಟು, ಹಿಂದಕ್ಕೆ ಹಿಂದಕ್ಕೆ ನಡೆಸುತ್ತಾ ದಿಬ್ಬ ಹತ್ತಿಸುತ್ತಾಳೆ. ಮರಿ ಹಿಂಗಾಲು ಊರಿದಾಗಲೆಲ್ಲ ತೊಡೆ ಬಿಗಿಯಾಗೋದು ಕಣ್ಣಿಗೇ ಕಾಣುತ್ತದೆ.

ಇದೆಲ್ಲ ಪ್ರದರ್ಶನಕ್ಕೆ. ಹ್ಯೂಸ್ಟನ್‌ನಲ್ಲಿ 1932ರಿಂದ ದೊಡ್ಡ ಜಾನುವಾರು ಪ್ರದರ್ಶನ ನಡೆಯುತ್ತಿದೆ. ಮಕ್ಕಳೇ ಸಾಕಿದ ಕುರಿ, ಮೇಕೆಗಳನ್ನು ಮಕ್ಕಳೇ ಅಂಗಳಕ್ಕೆ ತರುತ್ತಾರೆ. ತೀರ್ಪುಗಾರ ಬಂದು ಬೆನ್ನು, ಸೊಂಟದ ಮೇಲೆ ಕೈ ಆಡಿಸುತ್ತಾನೆ. ಆಗ ಮರಿ ಮಗುವಿನ ಕಾಲಿಗೆ ಎದೆ ಒತ್ತಿ ನಿಲ್ಲಬೇಕು, ಮೈ ಗಟ್ಟಿಯಾಗಿ ಸಿಗಬೇಕು. ಗೂಡಲ್ಲೇ ನಿಂತು ಕಾಳು ತಿನ್ನೋ ಮರಿಗೆ ಆ ಗಟ್ಟಿತನ ತಾನಾಗಿ ಬರೋದಿಲ್ಲ, ಅದಕ್ಕೇ ಈ ಕಸರತ್ತು. ಮೇಕೆ ಆದರೆ ಹತ್ತಿ ಇಳಿಯೋಕೆ ಕಟ್ಟೆ, ಹಲಗೆ ಇಟ್ಟುಬಿಡುತ್ತಾರೆ.

ಸೊಂಟ ಹಿಡಿದು ನೋಡೋದು ನಮಗೇನು ಹೊಸದಲ್ಲ. ನಮ್ಮ ಸಂತೆಯಲ್ಲೂ ಕೊಳ್ಳೋನು ಮೊದಲು ಕೈ ಇಡೋದು ಅಲ್ಲೇ, ಅಲ್ವಾ? ಆದರೆ ಬೇಕಾದ್ದು ಬೇರೆ. ನಮ್ಮ ಬಂಡೂರು ಕುರಿ ಗಿಡ್ಡ ಕಾಲಿನದು, ತುಂಬಿದ ಮೈಯದು. ಹಿಂದಿನಿಂದ ನೋಡಿದರೆ ತಲೆಕೆಳಗಾದ ಲಾಳದ ಹಾಗೆ ಕಾಣುತ್ತದೆ. ಬೆಳೆದ ಟಗರು 35 ಕೆ.ಜಿ. ಆಸುಪಾಸು. ಇಲ್ಲಿನ ಪ್ರದರ್ಶನದ ಮರಿ ವರ್ಷ ತುಂಬೋ ಮೊದಲೇ 60 ಕೆ.ಜಿ. ತೂಗುತ್ತದೆ. ಬಂಡೂರಿಗೆ ಹೆಸರು ಬಂದಿರೋದು ಮೆತ್ತನೆಯ, ಕೊಬ್ಬು ಹದವಾಗಿ ಹರಡಿದ ಮಾಂಸದಿಂದ. ಅದನ್ನು ಇಲ್ಲಿನವರಂತೆ ಓಡಿಸಿ ಕಲ್ಲಿನಂತೆ ಮಾಡಿದರೆ ತಳಿಯ ಗುಣಕ್ಕೇ ಮೋಸ. ನಾಯಿ ಬಿಟ್ಟು ಓಡಿಸೋದು, ಟ್ರೆಡ್‌ಮಿಲ್ ಹತ್ತಿಸೋದು ಕೂಡ ಇಲ್ಲಿ ಉಂಟು. ಅದು ನಮಗೆ ಬೇಡವೇ ಬೇಡ.

ನಡಿಗೆ ಮಾತ್ರ ಬೇಕು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ನಾನು ಚಿಕ್ಕವನಿದ್ದಾಗ ಕುರಿ ಕೆರೆ ಏರಿ, ಬೀಳು ಹೊಲ ಸುತ್ತಿ ಸಂಜೆ ಮನೆಗೆ ಬರುತ್ತಿತ್ತು. ಈಗ ಬೀಳು ಎಲ್ಲಿದೆ? ಹಬ್ಬಕ್ಕೋ ಪ್ರದರ್ಶನಕ್ಕೋ ಅಂತ ಟಗರನ್ನು ಗೂಟಕ್ಕೆ ಕಟ್ಟಿ, ಬೂಸಾ, ಹಿಂಡಿ, ಜೋಳದ ನುಚ್ಚು ಸುರಿಯುತ್ತೇವೆ. ನಮ್ಮ ಚಿಕ್ಕಪ್ಪನ ಟಗರು ಹಾಗೇ ಹೋಯಿತು. ಎರಡು ದಿನ ಮುಕ್ಕರಿಯಿತು, ಒಂದು ಹನಿ ಮೂತ್ರ ಬರಲಿಲ್ಲ. ಮೂತ್ರದ ದಾರಿಯಲ್ಲಿ ಕಲ್ಲು. ಬೂಸಾದಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ ಕಡಿಮೆ. ಅದನ್ನೇ ಹಾಕುತ್ತಾ ಹೋಗಿ, ನೀರೂ ಕಡಿಮೆಯಾದರೆ ಕಲ್ಲು ಕಟ್ಟುತ್ತದೆ. ನಡೆಸಿದ್ದರೆ ಖಂಡಿತ ಉಳಿಯುತ್ತಿತ್ತು ಅಂತ ನಾನು ಹೇಳಲಾರೆ. ಆದರೆ ನಡೆದ ಪ್ರಾಣಿಗೆ ಬಾಯಾರುತ್ತದೆ, ನೀರು ಕುಡಿಯುತ್ತದೆ. ದಾರೀಲಿ ನಾಲ್ಕು ಬಾಯಿ ಸೊಪ್ಪೂ ಸಿಗುತ್ತದೆ.

ಹೋದ ಸಲ ಊರಿಗೆ ಹೋದಾಗ ಚಿಕ್ಕಪ್ಪನಿಗೆ ಇದನ್ನೇ ಹೇಳಿದೆ. "ನಡೆಸುದ್ರೆ ಮೈ ಇಳಿದೋಯ್ತದೆ ಕಣ್ಲಾ" ಅಂದರು. ಅವರ ಭಯ ಸುಳ್ಳಲ್ಲ, ಜಾಸ್ತಿ ಓಡಿಸಿದರೆ ಮೈ ಇಳಿಯುತ್ತದೆ. ನಾನು ಕೇಳಿದ್ದು ಅಷ್ಟಲ್ಲ ಚಿಕ್ಕಪ್ಪ, ಮೊದಲ ವಾರ ಐದೇ ನಿಮಿಷ, ಆಮೇಲೆ ಹದಿನೈದು ನಿಮಿಷ ಅಂದೆ. ಬಿಸಿಲೇರೋ ಮುಂಚೆ, ಹೊಟ್ಟೆ ತುಂಬಾ ಕಾಳು ತಿನ್ನಿಸೋಕೆ ಮೊದಲು. ನಾಲೆ ಏರಿ ಹತ್ತಿ ಇಳಿದರೆ ಸಾಕು. ಏದುಸಿರು ಬಿಟ್ಟರೆ ಅಲ್ಲಿಗೇ ನಿಲ್ಲಿಸಬೇಕು.

ಹಗ್ಗ ಹಿಡಿಯೋಕೆ ಮೊಮ್ಮಗಳನ್ನು ಬಿಡಿ ಅಂತಲೂ ಅಂದೆ. ನಮ್ಮಲ್ಲಿ ಕುರಿ ಕೆಲಸ ಮಾಡೋ ಮಗುವನ್ನು ಓದು ಹತ್ತದ ಮಗು ಅಂತ ನೋಡುತ್ತಾರೆ. ಅದು ನನಗೆ ತುಂಬಾ ನೋವಿನ ವಿಷಯ. ಇಲ್ಲಿ ಅದೇ ಕೆಲಸ ಮಾಡಿದ ಮಗುವಿಗೆ ಊರೆಲ್ಲ ಚಪ್ಪಾಳೆ ತಟ್ಟುತ್ತದೆ.

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರು. ಹೊಸ ಟಗರು ಮೊದಲ ದಿನ ನಾಲೆ ಏರಿ ಮೇಲೆ ಎರಡು ಸಲ ಕೂತುಬಿಟ್ಟಿತಂತೆ. ನಾಲ್ಕನೇ ದಿನ ಮೊಮ್ಮಗಳು ಕೊಟ್ಟಿಗೆಗೆ ಹೋಗೋ ಹೊತ್ತಿಗೆ, ಅದು ಆಗಲೇ ಎದ್ದು ಬಾಗಿಲ ಕಡೆ ಮುಖ ಮಾಡಿ ನಿಂತಿತ್ತಂತೆ.